ಮುಖ ಗೊತ್ತು, ಹೆಸರು ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ. ಫೋನ್ ಮಾಡಿ ವಿಚಾರಿಸಿದವರಿಗೆ, ಮನೆಗೆ ಬಂದು ಸುಮ್ನೆ ಕೂತು ಹೋದವರಿಗೆ, ಎಳನೀರು ಕಳಿಸಿದವರಿಗೆ, ಎಲ್ಲರಿಗೂ ಒಂದೇ ಸಲ ಉತ್ತರ ಬರೆಯುತ್ತಿದ್ದೇನೆ. ಸ್ಟ್ರೋಕ್ ಆಗಿ ಮಾತು ಹೋಗಿದ್ದ ನಾನು ಮತ್ತೆ ಮಾತಾಡುತ್ತಿದ್ದೇನೆ. ಪೂರ್ತಿ ಮೊದಲಿನ ಹಾಗಲ್ಲ. ಅಲ್ಲಲ್ಲಿ ತಡವರಿಸುತ್ತೇನೆ, ಸಂಜೆ ಹೊತ್ತಿಗೆ ನಾಲಿಗೆಗೆ ಸುಸ್ತಾಗುತ್ತದೆ, ಸಿಟ್ಟು ಬಂದರೆ ಮಾತು ಇನ್ನೂ ಹಿಂದಕ್ಕೆ ಹೋಗುತ್ತದೆ (ಇದರಿಂದ ಮನೆಯವರಿಗೆ ಅನುಕೂಲವೇ ಆಗಿದೆ). ಆದರೂ ಹೋದ ವಾರ ಸ್ಪೀಚ್ ಥೆರಪಿ ಮೇಡಂ "ಇನ್ಮೇಲೆ ವಾರವಾರ ಬರೋದು ಬೇಡ ಸರ್, ತಿಂಗಳಿಗೊಮ್ಮೆ ಬಂದ್ರೆ ಸಾಕು" ಅಂದರು. ಅದಕ್ಕೇ ಈ ಬರಹ.

ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಅರ್ಧ ಜನ ನಮ್ಮ ಮನೆಯವರು, ಊರವರು. ಉಳಿದರ್ಧ ಜನ ನನ್ನ ಮುಖವನ್ನೇ ನೋಡದವರು. ಟಿವಿಯಲ್ಲಿ ಸಣ್ಣ ಸಣ್ಣ ಪಾತ್ರ ಮಾಡಿದವರು. ಹೀರೋ ಅಲ್ಲ, ಹೀರೋಯಿನ್ ಅಲ್ಲ. ಅಪ್ಪ, ಅಮ್ಮ, ಲಾಯರು, ಪೊಲೀಸು, ಪಕ್ಕದ ಮನೆಯವರು, ಕುಡುಕ. ಅವರಿಗೂ ನನ್ನ ಮಾತಿಗೂ ಏನು ಸಂಬಂಧ ಅಂತ ಹೇಳುತ್ತೇನೆ.

ಮೊದಲು ಆಗಿದ್ದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳೋಣ ಅಂದರೆ ಕೈ ಕೇಳಲಿಲ್ಲ. "ಏನಾಯ್ತು" ಅಂತ ಕೇಳಿದ್ದಕ್ಕೆ ನಾನು ಏನೋ ಹೇಳಿದೆ, ಅದು ಯಾವ ಭಾಷೆಯೂ ಆಗಿರಲಿಲ್ಲವಂತೆ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಗ್ಯಾಸು, ಮಾತ್ರೆ ತಗೊಂಡು ಮಲಗಲಿ ಅಂದರು. ನನ್ನ ತಮ್ಮ ಅದನ್ನು ಕೇಳುವ ಪೈಕಿ ಅಲ್ಲ. ನನ್ನನ್ನು ಕಾರಿಗೆ ಹಾಕಿಕೊಂಡು ಸೀದಾ ಶಿವಮೊಗ್ಗಕ್ಕೆ ಓಡಿಸಿದ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಕರಗಿಸೋ ಇಂಜೆಕ್ಷನ್ ಅನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಆ ಲೆಕ್ಕದೊಳಗೆ ನಾನು ಅಲ್ಲಿ ತಲುಪಿದ್ದೆ. ತಮ್ಮಾ, ನಿನಗೆ ಮೊದಲ ನಮಸ್ಕಾರ. ಇದನ್ನು ಓದುತ್ತಿರೋ ಬೇರೆಯವರೂ ನೆನಪಿಡಿ: ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಗ್ಯಾಸಿನ ಮಾತ್ರೆ ಹುಡುಕುತ್ತಾ ಕೂರಬೇಡಿ.

ಕಾಲು ಬೇಗ ಸರಿಹೋಯಿತು. ಕೈ ನಿಧಾನಕ್ಕೆ ಬಂತು. ಮಾತಿನಲ್ಲಿ ಕ್ರಿಯಾಪದಗಳೆಲ್ಲ ಹೇಗೋ ಬಂದವು, ಹೆಸರುಗಳು ಮಾತ್ರ ಬರಲಿಲ್ಲ. ವಸ್ತುವಿನ ಹೆಸರೂ ಇಲ್ಲ, ಮನುಷ್ಯರ ಹೆಸರೂ ಇಲ್ಲ. ನಾನು ಹೈಸ್ಕೂಲ್ ಮೇಷ್ಟ್ರಾಗಿದ್ದವನು, ಹಾಜರಿ ಪುಸ್ತಕ ತೆಗೆಯದೆಯೇ ಇಡೀ ಕ್ಲಾಸಿನ ಹಾಜರಿ ಕೂಗುತ್ತಿದ್ದವನು. ಈಗ ಮೇಡಂ ಛತ್ರಿಯ ಚಿತ್ರ ತೋರಿಸಿದರೆ "ಅದೇ, ಮಳೆ ಬಂದಾಗ, ಬಿಚ್ಚಿ, ಹಿಡಿಯೋದು, ಮರೆತು ಬರೋದು" ಅಂತ ಎಲ್ಲ ಹೇಳುತ್ತಿದ್ದೆ, ಛತ್ರಿ ಅನ್ನೋ ಪದ ಒಂದು ಬಿಟ್ಟು. ಅದು ಏನು ಅಂತ ನನಗೆ ಗೊತ್ತು. ಗೊತ್ತಿದೆ ಅನ್ನೋದೂ ಗೊತ್ತು. ಆದರೂ ಬಾಯಿಗೆ ಬರೋಲ್ಲ.

ಹೆಂಡತಿಯ ಹೆಸರೂ ಹೋಗಿತ್ತು. ತಮಾಷೆ ಏನಂದರೆ ಅದು ಯಾರಿಗೂ ತಕ್ಷಣ ಗೊತ್ತಾಗಲೇ ಇಲ್ಲ. ಮದುವೆಯಾದಾಗಿನಿಂದ "ಏನೇ", "ಇವಳೇ", "ಕೇಳಿಸ್ತಾ" ಅಂತಲೇ ಕರೆದುಕೊಂಡು ಬಂದವನು ನಾನು. ಹೆಸರು ಮರೆತಿದ್ದಾನೆ ಅಂತ ಅವಳಿಗೆ ಅನುಮಾನ ಬರೋದಾದರೂ ಹೇಗೆ? ಥೆರಪಿ ಮೇಡಂ ಅವಳನ್ನು ತೋರಿಸಿ "ಇವರ ಹೆಸರು ಹೇಳಿ ಸರ್" ಅಂದಾಗಲೇ ಬಣ್ಣ ಬಯಲಾಗಿದ್ದು.

ಆ ದಿನಗಳಲ್ಲಿ ಹೊತ್ತು ಹೋಗಲಿ ಅಂತ ತಮ್ಮನ ಮಗ ಯೂಟ್ಯೂಬ್‌ನಲ್ಲಿ ಹಳೇ ಸೀರಿಯಲ್ ಹಾಕಿಕೊಡುತ್ತಿದ್ದ. ಮೊದಲು ಹಾಕಿದ್ದು ಮಾಲ್ಗುಡಿ ಡೇಸ್. ಎಲ್. ವೈದ್ಯನಾಥನ್ ಅವರ ಆ ಟೈಟಲ್ ಸಂಗೀತ, ಆರ್.ಕೆ. ಲಕ್ಷ್ಮಣರ ಗೆರೆಗಳು. ನಮ್ಮ ಕಡೆಯವರಿಗೆ ಆ ಸೀರಿಯಲ್ ಅಂದರೆ ಸ್ವಲ್ಪ ಜಾಸ್ತಿಯೇ ಅಭಿಮಾನ. 1986ರಲ್ಲಿ ಶಂಕರ್ ನಾಗ್ ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿದರಲ್ಲ. ಅದರಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದ ಅರಸಾಳಿನ ಹಳೇ ರೈಲ್ವೆ ಸ್ಟೇಷನ್ ಅಂತೂ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಸರಿ, ನೋಡುತ್ತಾ ಕೂತೆವು. ಸ್ವಾಮಿಯ ಅಪ್ಪ ಪೇಪರ್ ಓದುತ್ತಾ, ಹುಲಿ ಜೊತೆ ಹೋರಾಡಿದ ಹುಡುಗನ ಸುದ್ದಿ ಹೇಳಿ, ನೀನೂ ಧೈರ್ಯವಂತನಾಗು, ಇವತ್ತು ಒಬ್ಬನೇ ಆಫೀಸ್ ರೂಮಿನಲ್ಲಿ ಮಲಗು ಅಂತ ಮಗನಿಗೆ ಹೇಳೋ ಕಥೆ. ಅಪ್ಪ ಗಿರೀಶ್ ಕಾರ್ನಾಡ್ ಅಂತ ಎಲ್ಲರಿಗೂ ಗೊತ್ತು. ಸ್ವಾಮಿ ಮಂಜುನಾಥ್ ಅಂತಲೂ ಗೊತ್ತು. ಆಮೇಲೆ ಶುರುವಾಯಿತು ನೋಡಿ.

"ಇವರು ಯಾರೋ, ಅದೇ, ಆ ಇನ್ನೊಂದು ಸೀರಿಯಲ್‌ನಲ್ಲಿ ಅತ್ತೆ ಆಗಿದ್ರಲ್ಲ." "ಅಲ್ಲ ಕಣೋ, ಡೈರೆಕ್ಟರ್ ಅವರು. ಛೆ, ಬಾಯಲ್ಲೇ ಇದೆ." "ಆಮೇಲೆ ಬರೋ ಆ ಉದ್ದ ಮುಖದವರು ಗೊತ್ತಾಯ್ತಾ, ಅವರು ಲಾಯರ್ ಪಾರ್ಟ್ ಮಾಡಿದ್ರು, ಮೀಸೆ ಇತ್ತು." ತಮ್ಮ, ತಮ್ಮನ ಹೆಂಡತಿ, ನಮ್ಮ ಮನೆಯವಳು, ಪಕ್ಕದ ಮನೆಯ ರಿಟೈರ್ಡ್ ಪೋಸ್ಟ್ ಮಾಸ್ಟರ್, ಎಲ್ಲರೂ ಹಣೆ ಉಜ್ಜಿಕೊಳ್ಳುತ್ತಾ, ಗಾಳಿಯಲ್ಲಿ ಬೆರಳಾಡಿಸುತ್ತಾ, ಎಲ್ಲ ವಿವರ ಹೇಳುತ್ತಾ, ಹೆಸರೊಂದನ್ನು ಬಿಟ್ಟು. ನಾನು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ನನ್ನ ಹಾಗೇ ಇದ್ದರು! ಕಾಯಿಲೆ ಬಿದ್ದ ಮೇಲೆ ಮೊದಲ ಸಲ ನಾನು ಜೋರಾಗಿ ನಕ್ಕಿದ್ದು ಆವತ್ತೇ.

ಸಣ್ಣ ಪಾತ್ರ ಮಾಡೋರ ಹಣೆಬರಹವೇ ಅದು ಅಲ್ವಾ. ಮುಖ ಊರಿಗೆಲ್ಲ ಗೊತ್ತು, ಹೆಸರು ಯಾರಿಗೂ ಬರೋಲ್ಲ.

ಇದನ್ನು ಥೆರಪಿ ಮೇಡಂಗೆ ನಮ್ಮ ಮನೆಯವಳು ಹೇಳಿದಳು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದ ಹುಡುಗಿ, ನನ್ನ ಮೊದಲ ಬ್ಯಾಚಿನ ಮಕ್ಕಳಿಗಿಂತ ಎಷ್ಟೋ ಚಿಕ್ಕವಳು. ಬಾಚಣಿಗೆ, ಬೀಗ, ಛತ್ರಿಯ ಕಾರ್ಡುಗಳನ್ನು ಪಕ್ಕಕ್ಕಿಟ್ಟು "ಸರಿ ಸರ್, ನಿಮ್ಮ ಸೀರಿಯಲ್‌ನವರನ್ನೇ ಇಟ್ಟುಕೊಳ್ಳೋಣ" ಅಂದರು. ಪಾಠ ಹೀಗೆ: ಫೋನಿನಲ್ಲಿ ಒಂದು ಮುಖ ನಿಲ್ಲಿಸೋದು. ಹೆಸರು ಕೇಳೋದಿಲ್ಲ. ಇವರನ್ನು ಎಲ್ಲಿ ನೋಡಿದ್ದೀರಿ? ಏನಾಗಿದ್ದರು? ಜೊತೆಗೆ ಯಾರಿದ್ದರು? ದನಿ ಹೇಗೆ? ನಡೆಯೋದು ಹೇಗೆ? ಹೀಗೆ ಸುತ್ತಮುತ್ತಲಿಂದ ಬರೋದು. ಅಷ್ಟಾದರೂ ಹೆಸರು ಬರದಿದ್ದರೆ ಮೊದಲ ಅಕ್ಷರ ಮಾತ್ರ ಹೇಳಿಕೊಡೋದು. ಹೆಸರಿನ ಸುತ್ತ ಇರೋ ವಿಷಯಗಳನ್ನೆಲ್ಲ ಎಬ್ಬಿಸಿದರೆ ಹೆಸರೂ ಏಳುತ್ತದೆ ಅಂತ ಅದರ ಲೆಕ್ಕ. ನನ್ನ ವಿಷಯದಲ್ಲಿ ಲೆಕ್ಕ ಸರಿಯಾಯಿತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರೊಬ್ಬರಿಗೆ ಹಾಡಿನ ಸಾಲಿನಿಂದ ಮಾತು ತರಿಸುತ್ತಿದ್ದರು.

ಸಹಾಯವಿಲ್ಲದೆ ನನ್ನ ಬಾಯಿಂದ ಪೂರ್ತಿಯಾಗಿ ಬಂದ ಮೊದಲ ಹೆಸರು, ವೈಶಾಲಿ ಕಾಸರವಳ್ಳಿ. ಸ್ವಾಮಿಯ ಅಮ್ಮ. ಅಷ್ಟುದ್ದದ ಹೆಸರು ಎಲ್ಲೂ ಎಡವದೆ ಬಂತು. ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಮನೆಯವಳೂ ತಟ್ಟಿದಳು, ಆದರೆ ಆಟೋದಲ್ಲಿ ಬರುವಾಗ "ನನ್ನ ಹೆಸರಿನಲ್ಲಿ ಮೂರೇ ಅಕ್ಷರ ಇರೋದು" ಅಂದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ವೈಶಾಲಿಯವರ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಆ ಸೀರಿಯಲ್‌ನಲ್ಲಿ ಅವರಿಗೆ ಮಾತು ಕಮ್ಮಿ. ಅಪ್ಪ ಮಗನ ಜಗಳದ ನಡುವೆ ಅಮ್ಮ ಏನು ಮಾಡುತ್ತಾಳೆ? ಮಗನ ಪರವೂ ವಹಿಸೋ ಹಾಗಿಲ್ಲ, ಗಂಡನಿಗೆ ಎದುರಾಡೋ ಹಾಗೂ ಇಲ್ಲ. ಕೈ ಒಂದು ಕೆಲಸದಲ್ಲಿರುತ್ತದೆ, ಕಣ್ಣು ಬೇರೆ ಕಡೆ ಇರುತ್ತದೆ. ನಮ್ಮ ಅಮ್ಮಂದಿರೆಲ್ಲ ಹಾಗೇ ಇದ್ದರು. ಆಮೇಲೆ ಅವರೇ ಮೂಡಲ ಮನೆ, ಮುತ್ತಿನ ತೋರಣ ನಿರ್ದೇಶಿಸಿದರು. ತಾಯಿ ಸಾಹೇಬ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಸೀರೆ ಉಡಿಸೋದರಲ್ಲೂ ಪಾತ್ರ ಕಾಣೋರು ಅಂತ ಕಾಣುತ್ತೆ. 2010ರಲ್ಲಿ ತೀರಿಕೊಂಡರು. ಅಮ್ಮಾ, ನಿಮ್ಮ ಹೆಸರು ನನಗೆ ದಾರಿ ಬಿಟ್ಟುಕೊಟ್ಟಿತು, ನಿಮಗೆ ನಮಸ್ಕಾರ.

ಎರಡನೆಯವರು ಸಮೀರ್ ಖಕ್ಕರ್. ಈ ಹೆಸರು ಹೇಳಿದರೆ ಯಾರಿಗೂ ಗೊತ್ತಾಗೋಲ್ಲ. ಖೋಪ್ಡಿ ಅಂದರೆ ಗೊತ್ತಾಗುತ್ತದೆ. 1986ರಲ್ಲಿ ಬಂದ ಹಿಂದಿ ಸೀರಿಯಲ್ ನುಕ್ಕಡ್, ಅದರಲ್ಲಿ ಆ ಕುಡುಕ. ನಮ್ಮ ಅಮ್ಮನಿಗೆ ಹಿಂದಿಯ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತು ಖೋಪ್ಡಿಯನ್ನು ನೋಡಿ ನಕ್ಕು ಹೋಗುತ್ತಿದ್ದರು. ನನಗೆ ಮಾತು ತೊದಲುತ್ತಿದ್ದ ಮೊದಮೊದಲ ವಾರಗಳಲ್ಲಿ ತಮ್ಮ "ಅಣ್ಣ ಥೇಟ್ ಖೋಪ್ಡಿ ಥರ ಮಾತಾಡ್ತಾನೆ" ಅಂದುಬಿಟ್ಟ. ಮನೆಯವರೆಲ್ಲ ಅವನ ಮೇಲೆ ರೇಗಿದರು. ನನಗೆ ಖುಷಿಯೇ ಆಯಿತು, ಯಾಕೆಂದರೆ ಅಷ್ಟು ದಿನ ಎಲ್ಲರೂ ನನ್ನ ಜೊತೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

ಆಮೇಲೆ ನುಕ್ಕಡ್ ಮತ್ತೆ ನೋಡಿದೆ. ಬೇರೆಯವರು ಕುಡುಕನ ಪಾತ್ರ ಅಂದರೆ ಓಲಾಡುತ್ತಾರೆ, ಬಿಕ್ಕಳಿಸುತ್ತಾರೆ, ಅಷ್ಟೇ. ಇವರದ್ದು ಹಾಗಲ್ಲ. ನೆಟ್ಟಗೆ ನಿಲ್ಲಬೇಕು, ಸರಿಯಾಗಿ ಮಾತಾಡಬೇಕು ಅಂತ ಪಾಪ ಒದ್ದಾಡೋ ಮನುಷ್ಯ ಕಾಣುತ್ತಾನೆ. ಮರ್ಯಾದೆ ಉಳಿಸಿಕೊಳ್ಳೋಕೆ ಆ ಒದ್ದಾಟ. ಒಂದೊಂದು ಪದವನ್ನೂ ಹಿಡಿದು ನಿಲ್ಲಿಸಿ, ಜಾರದ ಹಾಗೆ ನೋಡಿಕೊಂಡು ಮುಂದಕ್ಕೆ ಕಳಿಸೋದು. ಆ ಕಷ್ಟ ಏನು ಅಂತ ನನಗೆ ಈಗ ಚೆನ್ನಾಗಿ ಗೊತ್ತು. ಅವರು 2023ರ ಮಾರ್ಚಿನಲ್ಲಿ ತೀರಿಕೊಂಡಾಗ ಪೇಪರಿನಲ್ಲೂ ಖೋಪ್ಡಿ ಅಂತಲೇ ಬಂದಿತ್ತು. ಅದೇ ನುಕ್ಕಡ್‌ನಲ್ಲಿ ಕ್ಷೌರಿಕ ಕರೀಮ್ ಆಗಿದ್ದ ಜಾವೇದ್ ಖಾನ್ ಕೂಡ ಅದಕ್ಕೆ ಒಂದು ತಿಂಗಳು ಮೊದಲಷ್ಟೇ ಹೋಗಿದ್ದರು. ಹೋಟೆಲಿನ ಕಾದರ್ ಭಾಯಿ ಅವತಾರ್ ಗಿಲ್, ಸೈಕಲ್ ಅಂಗಡಿ ಹರಿ ಪವನ್ ಮಲ್ಹೋತ್ರಾ, ಎಲೆಕ್ಟ್ರಿಷಿಯನ್ ಗುರು ದಿಲೀಪ್ ಧವನ್. ನೋಡಿ, ಒಂದೇ ಉಸಿರಿಗೆ ಬರೆದೆ. ನಾಲ್ಕು ತಿಂಗಳ ಹಿಂದೆ ಯಾರಾದರೂ ಇದನ್ನು ಮಾಡಿಸಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಪಾತ್ರ ಹೆಸರನ್ನೇ ನುಂಗೋದು ನಮ್ಮಲ್ಲೂ ಇದೆ. ಮುಖ್ಯಮಂತ್ರಿ ಚಂದ್ರು ಯಾವ ಕಾಲದಲ್ಲೂ ಮುಖ್ಯಮಂತ್ರಿ ಆಗಿದ್ದವರಲ್ಲ, ಮುಖ್ಯಮಂತ್ರಿ ಅನ್ನೋ ನಾಟಕ ಆಡಿದವರು. ಶಾಸಕರಾದರೂ ಆ ಹೆಸರು ಬಿಡಲಿಲ್ಲ. ದೂರದರ್ಶನದ ಸಿಹಿಕಹಿ ಸೀರಿಯಲ್ ಮುಗಿದು ಎಷ್ಟು ಕಾಲವಾಯಿತು, ಅದರಲ್ಲಿದ್ದ ಇನ್ನೊಬ್ಬ ಚಂದ್ರು ಮತ್ತು ಗೀತಾ ಗಂಡ ಹೆಂಡತಿ ಇಬ್ಬರೂ ಇವತ್ತಿಗೂ ಸಿಹಿಕಹಿಯೇ. ಕ್ರೇಜಿ ಕರ್ನಲ್ ಅಂದರೆ ರಮೇಶ್ ಭಟ್. ಸಿಲ್ಲಿ ಲಲ್ಲಿಯ ಸಮಾಜ ಸೇವಕಿ ಲಲಿತಾಂಬ ಅಂದರೆ ಮಂಜುಭಾಷಿಣಿ. ಇವರೆಲ್ಲ ಥೆರಪಿಗೆ ಬಹಳ ಅನುಕೂಲ. ಹೆಸರಿಗೆ ಹೋಗೋ ದಾರಿಯನ್ನು ಅವರೇ ಬೋರ್ಡ್ ಬರೆದು ನಿಲ್ಲಿಸಿಬಿಟ್ಟಿದ್ದಾರೆ.

ಭಾರತ್ ಏಕ್ ಖೋಜ್ ಮಾತ್ರ ನನ್ನ ಬೆವರಿಳಿಸಿತು. ಶ್ಯಾಮ್ ಬೆನಗಲ್ 1988ರಲ್ಲಿ ಮಾಡಿದ್ದು, 53 ಕಂತು, ಸಿಂಧೂ ನಾಗರಿಕತೆಯಿಂದ ಸ್ವಾತಂತ್ರ್ಯದವರೆಗೆ. ಅದರಲ್ಲಿ ಒಬ್ಬೊಬ್ಬರಿಗೂ ಹತ್ತಾರು ವೇಷ. ಓಂ ಪುರಿಯೊಬ್ಬರೇ ದುರ್ಯೋಧನ, ಅಶೋಕ, ಅಲ್ಲಾವುದ್ದೀನ್ ಖಿಲ್ಜಿ, ಔರಂಗಜೇಬ್, ಸಾಲದ್ದಕ್ಕೆ ಹಿನ್ನೆಲೆ ದನಿಯೂ ಅವರದ್ದೇ. ಸಲೀಂ ಘೌಸ್ ರಾಮನೂ ಹೌದು, ಕೃಷ್ಣನೂ ಹೌದು, ನಮ್ಮ ಟಿಪ್ಪುವೂ ಹೌದು. ಮೇಡಂ ಇದನ್ನೇ ಪರೀಕ್ಷೆ ಮಾಡಿಬಿಟ್ಟರು: ನಟನ ಹೆಸರು ಹೇಳಿ, ಪಾತ್ರಗಳನ್ನು ಹೇಳಿ, ನಡುವೆ ನಿಲ್ಲಿಸಬೇಡಿ. ಅಶೋಕ ಅನ್ನೋಕೆ ಹೋಗಿ ಒಂದು ಸಲ ಅಶೋಕ ಹೋಟೆಲ್ ಅಂದೆ. ಆ ದೊಡ್ಡವರ ಹಿಂದೆ ಮಂತ್ರಿ, ಸೇನಾಪತಿ, ಪುರೋಹಿತ, ರೈತ ಅಂತ ಕಂತಿಗೊಂದು ವೇಷ ಹಾಕಿ ಬಂದು ಹೋಗೋರು ಎಷ್ಟೊಂದು ಜನ. ಅವರಲ್ಲಿ ಅಚ್ಯುತ್ ಪೋತದಾರ್ ನನಗೆ ವಿಶೇಷ. ಸೈನ್ಯದಲ್ಲಿದ್ದು, ಆಮೇಲೆ ಇಂಡಿಯನ್ ಆಯಿಲ್ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಾ, ನಲವತ್ತು ದಾಟಿದ ಮೇಲೆ ಕ್ಯಾಮೆರಾ ಮುಂದೆ ಬಂದವರು. 2025ರ ಆಗಸ್ಟಿನಲ್ಲಿ ತೀರಿಕೊಂಡರು. ವಾಗ್ಲೆ ಕೀ ದುನಿಯಾದ ವಾಗ್ಲೆ, ಅಂಜನ್ ಶ್ರೀವಾಸ್ತವ್, ಬ್ಯಾಂಕ್ ಕೆಲಸದಲ್ಲಿದ್ದುಕೊಂಡೇ ನಟಿಸಿದವರು. ನಮ್ಮ ದತ್ತಣ್ಣ ವಾಯುಪಡೆಯಲ್ಲಿದ್ದವರು. ಇಂಥವರನ್ನು ನೋಡಿದಾಗ ಆಫೀಸಿನಲ್ಲಿ ಕೂತವರು ಹೇಗಿರುತ್ತಾರೆ, ಸಂಬಳದ ದಿನ ಹೇಗೆ ನಡೆಯುತ್ತಾರೆ ಅನ್ನೋದು ಮೈಯಲ್ಲೇ ಇರುತ್ತದೆ ಅನ್ನಿಸುತ್ತದೆ. ಈಗಿನ ಮೆಗಾ ಸೀರಿಯಲ್‌ನಲ್ಲಿ ಕೋಟ್ಯಧೀಶನ ಮನೆಯ ಎಲ್ಲರೂ ಮಲಗೋವಾಗಲೂ ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಇರುತ್ತಾರೆ. ಯಾರಿಗೂ ಆಫೀಸೇ ಇಲ್ಲ. ಇದು ಮೇಷ್ಟ್ರ ಗೊಣಗಾಟ, ಬಿಟ್ಟುಬಿಡಿ.

ದನಿಯ ವಿಷಯಕ್ಕೆ ಬಂದರೆ ಲೋಹಿತಾಶ್ವ. ತುಮಕೂರು ಜಿಲ್ಲೆಯವರು, ಇಂಗ್ಲಿಷ್ ಪ್ರೊಫೆಸರ್, ರಂಗಭೂಮಿಯವರು. ಅವರ ದನಿ ಕೇಳಿದರೆ ಕೊನೇ ಬೆಂಚಿನವರೂ ಎದ್ದು ಕೂರುತ್ತಿದ್ದರೇನೋ. ಮಾತು ಬಂದ ಮೇಲೂ ನನ್ನ ದನಿ ಗಂಟಲಲ್ಲೇ ಉಳಿಯುತ್ತಿತ್ತು. "ಹೊಟ್ಟೆಯಿಂದ ಉಸಿರು ತಗೊಂಡು ನಿಧಾನಕ್ಕೆ ಬಿಟ್ಟು ಮಾತಾಡಿ" ಅಂತ ಮೇಡಂ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ಕೊನೆಗೆ ಬಚ್ಚಲುಮನೆಯಲ್ಲಿ ನಿಂತು, ಬಾಗಿಲು ಹಾಕಿಕೊಂಡು, ಲೋಹಿತಾಶ್ವರ ಹಾಗೆ "ಯಾರಲ್ಲಿ!" ಅಂತ ಕೂಗಿ ನೋಡಿದೆ. ಹೊರಗಿನಿಂದ ನಮ್ಮ ಮನೆಯವಳು "ನಾನೇ ಇಲ್ಲಿ, ಟವೆಲ್ ಬೇಕಾ?" ಅಂದಳು. ಆದರೆ ಉಸಿರು ಎಲ್ಲಿಂದ ಬರಬೇಕು ಅನ್ನೋದು ಆವತ್ತೇ ಗೊತ್ತಾಗಿದ್ದು. 2022ರ ನವೆಂಬರಿನಲ್ಲಿ ಅವರು ಹೋದರು. ಆ ಕಂಠ ಮಗ ಶರತ್ ಅವರಿಗೆ ಬಂದಿದೆ, ಕಣ್ಣು ಮುಚ್ಚಿಕೊಂಡು ಕೇಳಿದರೆ ಅಪ್ಪನೋ ಮಗನೋ ಅಂತ ಈಗಲೂ ತಡವರಿಸುತ್ತೇನೆ. ಅದು ಕಾಯಿಲೆಯಿಂದಲ್ಲ.

ಮಾಯಾಮೃಗ ಸೀರಿಯಲ್ ಬಗ್ಗೆ ಬರೆದರೆ ಬೆಳಗಾಗುತ್ತದೆ. 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಷಾ ಸೇರಿ ಮಾಡಿದ್ದು. ಅದು ಬರೋ ಹೊತ್ತಿಗೆ ಸ್ಕೂಲ್ ಬಿಟ್ಟ ಮೇಲೆ ನಿಂತು ಹರಟೋ ಮೇಷ್ಟ್ರುಗಳೂ ಮನೆ ಸೇರುತ್ತಿದ್ದರು. ಮುಕ್ತ ಸೀರಿಯಲ್‌ನಲ್ಲಿ ಸೀತಾರಾಮ್ ಅವರೇ ಕಪ್ಪು ಕೋಟು ಹಾಕಿ ಲಾಯರ್ ಸಿ.ಎಸ್.ಪಿ. ಆದರು. ಕೋರ್ಟ್ ಸೀನುಗಳನ್ನು ಹಾಕಿಕೊಂಡು ಅವರು ಒಂದು ವಾಕ್ಯ ಹೇಳಿದ ಮೇಲೆ ನಿಲ್ಲಿಸಿ, ನಾನು ಅದನ್ನು ಮತ್ತೆ ಹೇಳೋದು. ಎಷ್ಟು ಹೇಳಿದೆ ಅಂದರೆ ಹಾಲು ತಂದುಕೊಡೋ ಹುಡುಗನಿಗೂ "ಅಬ್ಜೆಕ್ಷನ್ ಯುವರ್ ಆನರ್" ಬಾಯಿಪಾಠ ಆಗಿದೆ.

ಇನ್ನೊಂದು ಉಪಕಾರ ಈ ಫೋನಿನದ್ದು. ಆಗ ಸೀರಿಯಲ್ ಮುಗಿದು ಹೆಸರುಗಳು ಓಡೋಕೆ ಶುರುವಾಯಿತು ಅಂದರೆ ನಮ್ಮಪ್ಪ ಎದ್ದು ಹೋಗಿ ಟಿವಿ ಆಫ್ ಮಾಡಿ ಶಟರ್ ಎಳೆಯುತ್ತಿದ್ದರು. ಕರೆಂಟು ಯಾಕೆ ಸುಮ್ನೆ ಅಂತ. ಆಫ್ ಮಾಡದಿದ್ದರೂ ಓದೋಕೆ ಎಲ್ಲಿ ಆಗುತ್ತಿತ್ತು, ಅಷ್ಟು ಸಣ್ಣ ಅಕ್ಷರ, ಅಷ್ಟು ಬೇಗ. ಈಗ ನಾನು ಆ ಹೆಸರುಗಳ ಹತ್ತಿರ ನಿಲ್ಲಿಸುತ್ತೇನೆ. ಬೆರಳಲ್ಲಿ ಅಗಲ ಮಾಡಿ ಓದುತ್ತೇನೆ. ಎಡಗೈಯಲ್ಲಿ ಒಂದು ನೋಟ್‌ಬುಕ್ಕಿಗೆ ಬರೆದುಕೊಂಡಿದ್ದೇನೆ, ಬಲಗೈ ಸರಿಹೋದ ಮೇಲಿನ ಪುಟಗಳ ಅಕ್ಷರ ಸ್ವಲ್ಪ ನೆಟ್ಟಗಿದೆ. ನಟರ ಜೊತೆಗೆ ಮೇಕಪ್‌ನವರು, ಲೈಟಿನವರು, ಕಲಾ ನಿರ್ದೇಶಕರು ಎಲ್ಲರೂ ಇದ್ದಾರೆ ಅದರಲ್ಲಿ. ಮಾಲ್ಗುಡಿಯನ್ನು ಕಟ್ಟಿದ ಜಾನ್ ದೇವರಾಜ್ ಅವರ ಹೆಸರನ್ನು ನಾನು ಮೊದಲು ಓದಿದ್ದು ಹಾಗೆ.

ಉಳಿದವರು ಬೇಜಾರು ಮಾಡಿಕೊಳ್ಳಬಾರದು. ಎಂಟಾಣೆ ಖರ್ಚಿಲ್ಲದೆ ನಗಿಸಿದ ಪಾಪ ಪಾಂಡುವಿನ ಚಿದಾನಂದ್ ಮತ್ತು ಶಾಲಿನಿ, ನಾಗಾಭರಣ ಅವರ ಹಿಂದಿ ತೆನಾಲಿ ರಾಮದಲ್ಲಿ ರಾಮನೇ ಆಗಿಹೋಗಿದ್ದ ವಿಜಯ್ ಕಶ್ಯಪ್, ಸದಾನಂದ ಸುವರ್ಣರ ಗುಡ್ಡದ ಭೂತದಲ್ಲಿ ಇನ್ನೂ ಊರಿಗೆಲ್ಲ ಗೊತ್ತಾಗದಿದ್ದ ಪ್ರಕಾಶ್ ರೈ, ಒಡಲಾಳ ನಾಟಕದ ಸಾಕವ್ವನಿಂದ ಹಿಡಿದು ಪುಟ್ಟಕ್ಕನವರೆಗೆ ಬಂದ ಉಮಾಶ್ರೀ, ಎಲ್ಲರಿಗೂ ನಮಸ್ಕಾರ. ಥೆರಪಿ ಮೇಡಂಗೆ, ತಾಳ್ಮೆಗೆ. ತಮ್ಮನ ಮಗನಿಗೆ, ಅವನ ಡೇಟಾ ಪ್ಯಾಕಿಗೆ. ಪೋಸ್ಟ್ ಮಾಸ್ಟರಿಗೆ, ಇವತ್ತಿಗೂ ಒಂದು ಹೆಸರೂ ಸರಿಯಾಗಿ ಹೇಳದೆ ನನಗೆ ಧೈರ್ಯ ತುಂಬಿದ್ದಕ್ಕೆ. ಮನೆಯವಳ ಹೆಸರು ಈಗ ಬರುತ್ತದೆ, ಇಲ್ಲಿ ಬರೆಯಬೇಡಿ ಅಂತ ಅವಳ ಆರ್ಡರ್.

ಮಾತಾಡಬೇಕು ಅನ್ನಿಸಿದವರು ಬೆಳಿಗ್ಗೆ ಹತ್ತರ ಮೇಲೆ ಫೋನ್ ಮಾಡಿ, ಸಂಜೆ ಬೇಡ. ನನ್ನ ಹಳೇ ವಿದ್ಯಾರ್ಥಿಗಳು "ನಾನು ಯಾರು ಹೇಳಿ ನೋಡೋಣ ಸರ್" ಅಂತ ಶುರು ಮಾಡಬೇಡಿ. ಯಾವ ವರ್ಷ, ಯಾವ ಬೆಂಚು, ಯಾರ ಪಕ್ಕ ಕೂರುತ್ತಿದ್ದಿರಿ ಅಂತ ಹೇಳಿ. ನಡುವೆ ನಾನು ನಿಂತುಬಿಟ್ಟರೆ ಗಾಬರಿಯಾಗಿ ನೀವೇ ಪದ ಹೇಳಿಕೊಡಬೇಡಿ, ಸ್ವಲ್ಪ ಕಾಯಿರಿ. ತೀರಾ ತಡವಾಯಿತು ಅನ್ನಿಸಿದರೆ ಮೊದಲ ಅಕ್ಷರ ಒಂದು ಹೇಳಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.